ಮೆಟ್ಟಿಲಿನ ಅಡಿಯಲ್ಲಿ ಸೇರದ ಗೆರೆ

ಪುತ್ತೂರಿನ ಒಬ್ಬ ಎಂಜಿನಿಯರರ ಕಚೇರಿಯಲ್ಲಿ ನಾನು ಕಂಪ್ಯೂಟರಿನ ಮೇಲೆ ಮನೆ ಕಟ್ಟುವವಳು. ಜಾಲ್ಸೂರಿನಿಂದ ಬಸ್ಸಿನಲ್ಲಿ ಬಂದು ಕೂತರೆ ಸಂಜೆಯವರೆಗೆ ಗೋಡೆ, ಕಿಟಕಿ, ಸ್ಲ್ಯಾಬು. ಇಷ್ಟು ವರ್ಷಗಳಲ್ಲಿ ಎಷ್ಟೋ ಮನೆಗಳ ಮೆಟ್ಟಿಲು ಬಿಡಿಸಿದ್ದೇನೆ. ಆ ಮೆಟ್ಟಿಲು ಅಡಿಯಿಂದ ಹೇಗೆ ಕಾಣುತ್ತದೆ ಎಂದು ಕೇಳಿದವರು ಒಬ್ಬರೇ.

ಪೆರಾಬೆಯ ಆ ಬ್ಯಾರಿ ಹಿರಿಯರನ್ನು ನಾನು ಕಾಕ ಎಂದು ಕರೆಯುತ್ತಿದ್ದೆ. ಗಲ್ಫಿನಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಸೀಲಿಂಗಿಗೆ ಸಿಮೆಂಟಿನ ಸಾರಣೆ ಮಾಡಿದವರು. ಒಂದು ದಿನ ನಿಂತಿದ್ದ ಹಲಗೆ ಜಾರಿ ಬಿದ್ದು ಬೆನ್ನುಮೂಳೆ ಮುರಿಯಿತು. ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲದೆ ಊರಿಗೆ ಬಂದರು. ಇನ್ನೂ ಗಲ್ಫಿನಲ್ಲೇ ಕೆಲಸದಲ್ಲಿದ್ದ ಅವರ ತಮ್ಮ, ಎರಡೂ ಸಂಸಾರಕ್ಕೆ ಆಗುವಂತೆ ಒಂದು ಮಹಡಿ ಮನೆ ಕಟ್ಟಿಸಲು ಹೊರಟಿದ್ದರು.

ನಕ್ಷೆ ತೋರಿಸಲು ನಾನು ಲ್ಯಾಪ್‌ಟಾಪ್ ಹಿಡಿದುಕೊಂಡು ಹೋದಾಗ ಕಾಕ ಬಾಡಿಗೆ ಮನೆಯ ಮಂಚದಲ್ಲಿ ಅಂಗಾತ ಮಲಗಿದ್ದರು. ಹೊಸ ಮನೆಯಲ್ಲಿ ಮಂಚವನ್ನು ಹಾಲ್‌ನಲ್ಲಿ, ಮೆಟ್ಟಿಲಿನ ಕೆಳಗೆ ಹಾಕುವುದೆಂದು ಮನೆಯವರು ನಿರ್ಧರಿಸಿದ್ದರು. ಬಾತ್‌ರೂಮ್ ಹತ್ತಿರ, ಗಾಳಿಯೂ ಬರುತ್ತದೆ ಎಂದು ಅವರ ಹೆಂಡತಿ ಹೇಳಿದರು. ಕಾಕ ಅಡುಗೆಮನೆ, ಮುಂದಿನ ಸಿಟೌಟು ಯಾವುದನ್ನೂ ನೋಡಲಿಲ್ಲ.

"ಮೆಟ್ಟಿಲಿನ ಅಡಿ ತೋರ್ಸಿ ಮೇಡಂ. ನಾನು ನೋಡುದು ಅದನ್ನೇ ಅಲ್ವಾ" ಎಂದರು.

ತಿರುಗಿಸಿ ತೋರಿಸಿದೆ. ಅಲ್ಲಿ ಬರೀ ಬೂದು ಬಣ್ಣ. ನಮ್ಮ ಸಾಫ್ಟ್‌ವೇರಿನಲ್ಲಿ ಮೆಟ್ಟಿಲಿನ ಮೇಲೆ ಗ್ರಾನೈಟು ಹಾಸಲು ಒಂದು ಗುಂಡಿ ಒತ್ತಿದರೆ ಸಾಕು. ಕೆಳಮೈಗೆ ಮಾತ್ರ ಅಂಥದ್ದೇನೂ ಇಲ್ಲ. ಸಾರಣೆಯನ್ನು ಬೇರೆಯೇ ಒಂದು ತೆಳು ಹಲಗೆಯಂತೆ ಬಿಡಿಸಿ, ಓರೆ ಮಾಡಿ, ಅಡಿಗೆ ಅಂಟಿಸಬೇಕು. ಯಾರೂ ಕೇಳದ್ದರಿಂದ ನಾನು ಆ ಕೆಲಸಕ್ಕೆ ಕೈಹಾಕಿರಲೇ ಇಲ್ಲ.

ಮುಂದೆ ಎರಡು ವಾರ ಕಾಕ ವಾಟ್ಸಾಪಿನಲ್ಲಿ ಧ್ವನಿ ಕಳಿಸುತ್ತಿದ್ದರು, ನಾನು ತಿದ್ದುತ್ತಿದ್ದೆ. ಮೆಟ್ಟಿಲು ತಿರುಗುವ ಲ್ಯಾಂಡಿಂಗಿನ ಕೆಳಗೆ ಎರಡು ಇಳಿಜಾರು ಬಂದು ಸೇರುತ್ತವಲ್ಲ, ಅಲ್ಲಿ ಬೀಳುವ ಎರಡೂ ಮಡಿಕೆಗಳು ಒಂದೇ ಗೆರೆಯಲ್ಲಿ ಬರಬೇಕು ಎಂದರು. ನಾನು ಬಿಡಿಸಿದ್ದರಲ್ಲಿ ಒಂದು ಮುಂದೆ, ಒಂದು ಹಿಂದೆ ಇತ್ತು. ಮೇಲಿನ ಮೆಟ್ಟಿಲ ಸಾಲನ್ನು ಒಂದು ಮೆಟ್ಟಿಲಿನಷ್ಟು ಸರಿಸಿದರೆ ಸರಿಯಾಗುತ್ತದೆಂದು ಮಲಗಿದಲ್ಲಿಂದಲೇ ಹೇಳಿಕೊಟ್ಟರು. ಡಿಪ್ಲೊಮಾದಲ್ಲಿ ನನಗೆ ಯಾರೂ ಅದನ್ನು ಕಲಿಸಿರಲಿಲ್ಲ. ಸರಿಸಿದೆ. ಗೆರೆ ಈ ಗೋಡೆಯಿಂದ ಆ ಗೋಡೆಗೆ ನೆಟ್ಟಗೆ ಓಡಿತು. ಮಂಚದಲ್ಲಿ ಮಲಗಿದವರ ಕಣ್ಣಿನ ಮಟ್ಟದಿಂದ ಒಂದು ಚಿತ್ರ ತೆಗೆದು ಕಳಿಸಿದೆ. ಈಗ ಕೆಲಸ ಆಯಿತು ಎಂದರು. ಅವರ ದನಿಯಲ್ಲಿ ನಗು ಕೇಳಿದ್ದು ಅದೊಂದೇ ಸಲ.

ನಕ್ಷೆ ಸೈಟಿಗೆ ಹೋಯಿತು. ಕಾಂಕ್ರೀಟಿಗೆ ಅಚ್ಚು ಕಟ್ಟುವ ಸೆಂಟ್ರಿಂಗಿನವರು ತಮಗೆ ರೂಢಿಯಿದ್ದಂತೆ ಹಲಗೆ ಹೊಡೆದರು. ನಮ್ಮ ಎಂಜಿನಿಯರರು ಒಳಗೆ ಹಾಕಿದ ಕಬ್ಬಿಣದ ಕಂಬಿ ಎಣಿಸಿದರು, ಗೆರೆ ನೋಡಲಿಲ್ಲ. ನಾನು ಹೋದದ್ದು ಹಲಗೆ ಬಿಚ್ಚಿ ವಾರವಾದ ಮೇಲೆ. ತಲೆಯೆತ್ತಿದೆ. ಮಡಿಕೆಗಳ ನಡುವೆ ಒಂದು ಮೆಟ್ಟಿಲಿನಷ್ಟು ಅಂತರ. ಕಾಂಕ್ರೀಟು ಕಲ್ಲಾಗಿತ್ತು.

ಅಷ್ಟರಲ್ಲಿ ನನ್ನ ಫೋನಿಗೆ ಕಾಕನ ಧ್ವನಿ ಬಂತು. ಮನೆಯವರು ಯಾರೂ ಫೋಟೋ ಕಳಿಸುತ್ತಿಲ್ಲ, ನೀವಾದರೂ ಒಂದು ಕಳಿಸಿ ಎಂದು. ಕೆಲಸ ನೋಡಲು ಬಂದಿದ್ದ ಅವರ ಹೆಂಡತಿ ಪಕ್ಕದಲ್ಲೇ ನಿಂತಿದ್ದರು.

"ಈಗ ಹೇಳುದು ಬೇಡ. ಸಾರಣೆಯಲ್ಲಿ ಸರಿ ಮಾಡ್ತೇನೆ ಅಂತ ಮೇಸ್ತ್ರಿ ಹೇಳಿದ್ದಾರೆ. ಇವರಿಗೆ ಕಾಯ್ಲಿಕ್ಕೆ ಬೇರೆ ಎಂತ ಉಂಟು ಹೇಳಿ" ಎಂದರು.

ಸಾರಣೆಯಲ್ಲಿ ಅಷ್ಟು ದೊಡ್ಡ ತಪ್ಪು ಮುಚ್ಚುವುದಿಲ್ಲವೆಂದು ನನಗೆ ಗೊತ್ತಿತ್ತು. ಆದರೂ ಕಚೇರಿಗೆ ಬಂದು ಆ ಫೈಲು ತೆರೆದೆ. ಕಿಟಕಿಯಿಂದ ಬಿಸಿಲು ಬೀಳುವಂತೆ ಮಾಡಿದೆ. ಗೋಡೆಗೆ ಒರಗಿಸಿದ ಒಂದು ಏಣಿಯನ್ನೂ ಹಾಕಿದೆ. ಸಾರಣೆ ಆಗಲೇ ಮುಗಿದಂತೆ ತೋರುವ ಆ ಚಿತ್ರವನ್ನು ಸೈಟಿನ ಫೋಟೋ ಎಂದು ಕಳಿಸಿದೆ. ಕಾಕ, ಚಂದ ಉಂಟು ಎಂದಷ್ಟೇ ಉತ್ತರಿಸಿದರು.

ಮನೆ ಒಕ್ಕಲಿನ ದಿನ ಅವರನ್ನು ಆಂಬುಲೆನ್ಸಿನಲ್ಲಿ ತಂದು, ನಾಲ್ಕು ಜನ ಹಿಡಿದು ಆ ಮಂಚದಲ್ಲಿ ಮಲಗಿಸಿದರು. ಅವರು ಮೇಲೆ ನೋಡಿದರು. ಸಾರಣೆಯಿಂದ ಆ ತಪ್ಪಿದ ಗೆರೆ ಇನ್ನಷ್ಟು ಎದ್ದು ಕಾಣುತ್ತಿತ್ತು. ಮನೆ ತುಂಬ ನೆಂಟರು, ಬಿರಿಯಾನಿಯ ಗಡಿಬಿಡಿ. ನಾನು ಹತ್ತಿರ ಹೋಗಿ ತಪ್ಪಾಯಿತು ಎಂದೆ.

"ಫೋಟೋ ಬಂದ ದಿನವೇ ನನಗೆ ಗೊತ್ತಾಗಿತ್ತು. ಕೈಯಲ್ಲಿ ಮಾಡಿದ ಸಾರಣೆ ಅಷ್ಟು ನಯ ಇರುದಿಲ್ಲ ಮೇಡಂ."

"ಮತ್ತೆ ಯಾಕೆ ಹೇಳ್ಲಿಲ್ಲ ಕಾಕ?"

"ಹೇಳಿ ಎಂತ ಮಾಡುದು?"

ಬೈದಿದ್ದರೆ ಹಗುರವಾಗುತ್ತಿತ್ತು. ಅವರು ಬೈಯಲಿಲ್ಲ. ಊಟ ಮಾಡಿ ಹೋಗಲು ಹೇಳಿ ಕಣ್ಣು ಮುಚ್ಚಿಕೊಂಡರು.

ಮೆಟ್ಟಿಲಿನ ಕೆಳಗೆ ಒಂದು ಫಾಲ್ಸ್ ಸೀಲಿಂಗ್ ಕೊಟ್ಟರೆ ಎರಡೂ ಮಡಿಕೆ ಮುಚ್ಚುತ್ತವೆಂದು ನಾನು ಮತ್ತೊಂದು ಚಿತ್ರ ಮಾಡಿ ಕಳಿಸಿದೆ. ಅವರು ಅದನ್ನು ತೆರೆದು ನೋಡಲೇ ಇಲ್ಲ. ಅವರ ತಮ್ಮನಿಗೆ ಫೋನು ಮಾಡಿದರೆ, ಮುಗಿದ ಮನೆಯನ್ನು ಇನ್ನು ಮುಟ್ಟುವುದು ಬೇಡ ಎಂದರು.

ಮಳೆಗಾಲ ಕಳೆದ ಮೇಲೆ ಕಡಬದ ಕಡೆ ಕೆಲಸವಿದ್ದಾಗ ದಾರಿಯಲ್ಲಿ ಇಳಿದು ಹೋದೆ. ಕಾಕನ ಬೆನ್ನು ಹುಣ್ಣಾಗಿತ್ತು. ಅಂಗಾತ ಮಲಗುವ ಹಾಗೇ ಇರಲಿಲ್ಲ. ಹಿಂದಿನ ಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿಸಿದ್ದರು. ಯಾರು ಬಂದರೂ ಮಾತಾಡುವುದಿಲ್ಲ, ಸಿಟ್ಟಲ್ಲ, ಹೀಗೇ ಆಗಿದ್ದಾರೆ ಎಂದು ಹೆಂಡತಿ ಹೇಳಿದರು. ನಾನು ಬಂದಿದ್ದೇನೆಂದು ಎರಡು ಸಲ ಹೇಳಿದೆ. ಹೊದಿಕೆಯ ಅಂಚು ಸ್ವಲ್ಪ ಅಲುಗಿತು, ಅಷ್ಟೇ. ಹೆಂಡತಿ ಕೊಟ್ಟ ಶರಬತ್ತು ಕುಡಿದು ಎದ್ದೆ. ಅಂಗಳದವರೆಗೆ ಬಂದ ಹೆಂಡತಿ, ಹುಣ್ಣಿಗೆ ಪುತ್ತೂರಿನಲ್ಲಿ ಯಾರಾದರೂ ಒಳ್ಳೆಯ ಡಾಕ್ಟರು ಗೊತ್ತುಂಟಾ ಎಂದು ಕೇಳಿದರು. ವಿಚಾರಿಸುತ್ತೇನೆ ಎಂದೆ. ವಿಚಾರಿಸಿದೆ ಕೂಡ, ಎಲ್ಲರೂ ಮಂಗಳೂರಿಗೇ ಕಳಿಸಿ ಎಂದರು, ಮಂಗಳೂರಿನ ಆಸ್ಪತ್ರೆಯಿಂದ ಇನ್ನೇನೂ ಆಗದೆಂದು ಅವರನ್ನು ಆಗಲೇ ವಾಪಸು ಕಳಿಸಿ ಆಗಿತ್ತು.