ಮೆಣಸಿನಕಾಯಿ ಕಚ್ಚಿದ ಗಿಳಿ

ಎಂಬತ್ತರ ದಶಕ ಮುಗಿಯುತ್ತ ಬಂದಾಗ ನಾನು ಕಮಲಾಪುರದಿಂದ ಕಲಬುರ್ಗಿಯ ಶಹಾಬಜಾರಕ್ಕೆ ಸೊಸೆಯಾಗಿ ಬಂದೆ. ಮುಂದಿನ ಪಡಸಾಲೆಯಲ್ಲಿ ಪ್ರೆಸ್ಸು, ಹಿಂದೆ ಅಡುಗೆಮನೆ. ನಡುವಿನ ಬಾಗಿಲಲ್ಲಿ ಒಗ್ಗರಣೆಗೂ ಇಂಕಿಗೂ ದಿನಾ ಜಗಳ, ಗೆಲ್ಲುತ್ತಿದ್ದುದು ಇಂಕೇ.

ನಮ್ಮ ಹೊಟ್ಟೆ ಹೊರೆಯುತ್ತಿದ್ದುದು ಒಂದು ಗಿಳಿ. ನೆಹರು ಗಂಜ್ ಪೇಟೆಯ ವ್ಯಾಪಾರಿಯೊಬ್ಬರ ತೊಗರಿಬೇಳೆ ಪಾಕೀಟಿಗೆ ಅಂಟಿಸುವ ಲೇಬಲ್ಲಿನಲ್ಲಿ ಹಸಿರು ಗಿಳಿ, ಅದಕ್ಕೆ ಕೆಂಪು ಕೊಕ್ಕು. ಹಾಳೆಗೆ ನಾಲ್ಕು ಗಿಳಿ. ಮೊದಲು ಹಸಿರು ಹೊಡೆದು ಹಾಳೆ ಒಣಗಲು ಬಿಡಬೇಕು, ಆಮೇಲೆ ಅದೇ ಹಾಳೆಯನ್ನು ಮತ್ತೆ ಮಷಿನ್ನಿಗೆ ಕೊಟ್ಟು ಕೆಂಪು ಹೊಡೆಯಬೇಕು. ಹಾಳೆ ತಾಗಿ ನಿಲ್ಲುವ ಪಿನ್ನು ಒಂದು ಕೂದಲೆಳೆಯಷ್ಟು ಸರಿದರೂ ಸಾಕು, ಕೊಕ್ಕು ಮುಖ ಬಿಟ್ಟು ಕೆಳಗೆ ಜಾರುತ್ತದೆ.

ಮಷಿನ್ ನಡೆಸುತ್ತಿದ್ದವರು ನಮ್ಮ ಮಾವ. ಬಲಗೈ ಹಾಳೆ ಇಡುವುದು, ಎಡಗೈ ತೆಗೆಯುವುದು. ನೋಡುತ್ತ ನಿಂತರೆ ಮನೆಗೆಲಸ ಮರೆತುಹೋಗುತ್ತಿತ್ತು. ಕಾಲಿನಿಂದ ತುಳಿಯುತ್ತಿದ್ದ ಆ ಮಷಿನ್ನಿಗೆ ನನ್ನ ಗಂಡ ಮೋಟಾರ್ ಕೂಡಿಸಿದ್ದರು. ಆರ್ಡರ್ ತರುವವರು ಅವರು, ಅವಸರವೂ ಅವರದೇ.

"ಅಪ್ಪಾ, ಸೀಜನ್ ಸುರು ಆಗ್ಯದ. ಗಂಜಿನವ್ರು ನಾಳಿಗೇ ಬೇಕಂತಾರ. ಹಸರು ಒಣಗೋತನಕ ಯಾರು ಕಾಯಬೇಕು?"

"ಬೇಯೋತನಕ ಇದ್ದವಗ ಆರೋತನಕ ಇರಾಕ ಆಗಂಗಿಲ್ಲೇನು?" ಎನ್ನುತ್ತಿದ್ದರು ಮಾವ, ತಲೆ ಎತ್ತದೆ.

ಆದರೆ ಕಾಲು ತುಳಿಯುವಾಗ ಕಣ್ಣಿಗೆ ಸಿಗುತ್ತಿದ್ದ ಪುರುಸೊತ್ತು ಮೋಟಾರಿನಲ್ಲಿ ಇರಲಿಲ್ಲ. ಮಾವನ ಕಣ್ಣುಗಳೂ ಮಂದವಾಗುತ್ತಿದ್ದವು. ಪಿನ್ನು ಸರಿದದ್ದು ಅವರಿಗೆ ಕಾಣುವಷ್ಟರಲ್ಲಿ ಹತ್ತಿಪ್ಪತ್ತು ಹಾಳೆ ಕೆಟ್ಟಿರುತ್ತಿದ್ದವು. ಒಮ್ಮೆ ಅಂಥದ್ದೇ ಒಂದು ಬಂಡಲ್ ಗಂಜಿನಿಂದ ವಾಪಸ್ ಬಂತು. ಗಂಡ ಅದನ್ನು ಅಪ್ಪನಿಗೆ ತೋರಿಸಲಿಲ್ಲ, ಅಡುಗೆಮನೆಗೆ ತಂದು ನನಗೆ ತೋರಿಸಿದರು.

"ಇನ್ನೊಂದು ಸಲ ಹಿಂಗಾತಂದ್ರ ಮಷಿನ್‌ಗೆ ಬ್ಯಾರೆ ಮನಷಾನ್ನ ಹಚ್ಚತೀನಿ. ಅಪ್ಪ ಮನ್ಯಾಗ ಆರಾಮ್ ಇರ್ಲಿ."

ನನಗೆ ಸಿಟ್ಟು ನೆತ್ತಿಗೇರಿತು. ಕರೆಂಟು ಹೋಗಿ ಮಷಿನ್ ನಿಂತ ದಿನ ಒಂದು ರೊಟ್ಟಿ ತಿನ್ನಲೂ ಒದ್ದಾಡುವ ಮನುಷ್ಯನಿಗೆ ಇವರು ಆರಾಮ್ ಕೊಡುತ್ತಾರಂತೆ.

ಹಾಳೆ ಒಣಗಿಸಿ ಬಂಡಲ್ ಕಟ್ಟುವ ಕೆಲಸ ನನ್ನದಾಗಿತ್ತು. ಸೊಸೆ ಮಾವನ ಎದುರು ನಿಂತು ಮಾತಾಡುವ ಮನೆಯಲ್ಲ ಅದು. ಹೇಳುವುದಿದ್ದರೆ ಬಾಗಿಲ ಮರೆಯಿಂದ ಹೇಳಬೇಕು. ತಪ್ಪು ತೋರಿಸುವುದಂತೂ ದೂರವೇ ಉಳಿಯಿತು. ಹಾಗಾಗಿ ಕೊಕ್ಕು ಜಾರಿದ ಹಾಳೆಗಳನ್ನು ಸದ್ದಿಲ್ಲದೆ ತೆಗೆದು ನನ್ನ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇಡತೊಡಗಿದೆ. ತೆಗೆದರೂ ಬಂಡಲಿನಲ್ಲಿ ಹಾಳೆ ಒಮ್ಮೆಯೂ ಕಡಿಮೆ ಬೀಳಲಿಲ್ಲ. ಮಾವನಿಗೆ ವಯಸ್ಸಾಯಿತು, ಎಣಿಕೆ ತಪ್ಪುತ್ತಿದ್ದಾರೆ, ದೇವರು ದೊಡ್ಡವನು ಎಂದುಕೊಂಡೆ. ತವರಿಗೆ ಹೋದಾಗಲೆಲ್ಲ ಆ ಹಾಳೆಗಳನ್ನು ಅವ್ವನ ಕೈಗೆ ಕೊಟ್ಟು "ಒಲಿಗಿ ಹಾಕವ್ವಾ" ಎಂದು ಬರುತ್ತಿದ್ದೆ.

ಎರಡು ವರ್ಷ ಹೀಗೇ ನಡೆಯಿತು. ಆಮೇಲೆ ಕಮಲಾಪುರದಲ್ಲಿ ನನ್ನ ಅಣ್ಣನ ಮಗನನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ರಮ ಬಂತು. ಗಂಡನಿಗೆ ಬಿಡುವಿರಲಿಲ್ಲ, ಮಾವನೇ ನನ್ನ ಜೊತೆ ಬಂದರು.

ತವರಿನ ಹೊಸ್ತಿಲು ದಾಟಿದವಳು ಅಲ್ಲೇ ನಿಂತುಬಿಟ್ಟೆ. ಎದುರಿನ ಗೋಡೆ ತುಂಬ ಗಿಳಿಗಳು! ತಾಮ್ರದ ಕೊಡಗಳನ್ನಿಟ್ಟ ಹಲಗೆಯ ಅಂಚಿಗೆ, ಗೂಡುಗಳ ಸುತ್ತ, ದೇವರ ಮಾಡದ ಕೆಳಗೆ, ಸಾಲುಸಾಲಾಗಿ. ಅವ್ವನಿಗೆ ಬಣ್ಣದ ಕಾಗದ ಸುಡಲು ಮನಸ್ಸಾಗಿರಲಿಲ್ಲ. ಎಲ್ಲ ಎತ್ತಿಟ್ಟುಕೊಂಡು, ಈ ಕಾರ್ಯಕ್ರಮಕ್ಕೆಂದು ಗಂಜಿ ಕಾಯಿಸಿ ಒಂದೊಂದನ್ನೂ ಅಂಟಿಸಿದ್ದಳು.

"ನೋಡ್ರಿ ಬೀಗರೆ, ನಿಮ್ಮ ಕೈಯಾಗಿಂದು!" ಎಂದಳು ಹೆಮ್ಮೆಯಿಂದ. "ಎಲ್ಲಾ ಗಿಣಿ ಬಾಯಾಗೂ ಒಂದೊಂದು ಮೆಣಸಿನಕಾಯಿ ಕೊಟ್ಟೀರಿ. ಭಾಳ ಛಂದ ಕಾಣತಾವ."

ಜಾರಿದ ಕೊಕ್ಕುಗಳು ಅವಳಿಗೆ ಮೆಣಸಿನಕಾಯಿಯಾಗಿ ಕಂಡಿದ್ದವು. ನನಗೆ ಭೂಮಿ ಬಾಯಿ ಬಿಟ್ಟರೆ ಸಾಕು ಅನಿಸಿತು. ಮಾವ ಗೋಡೆಯ ಹತ್ತಿರ ಹೋದರು. ಚಷ್ಮಾ ಧೋತರದ ಅಂಚಿಗೆ ಒರೆಸಿ ಹಾಕಿಕೊಂಡು ಈ ತುದಿಯಿಂದ ಆ ತುದಿಯವರೆಗೆ ನೋಡಿದರು.

"ಹೌದ್ರಿ, ನಮ್ಮ ಕಡಿ ಗಿಣಿ, ಖಾರ ಜಾಸ್ತಿ ತಿಂತಾವ" ಎಂದು ನಕ್ಕರು. ಅವ್ವನೂ ನಕ್ಕಳು.

ವಾಪಸ್ ಬರುವಾಗ ಬಸ್ಸಿನಲ್ಲಿ ನಾನು ಮುಂದಿನ ಸೀಟಿನಲ್ಲಿದ್ದೆ. ಅವ್ವ ಕೊಟ್ಟ ಕೆಂಪು ಬಾಳೆಹಣ್ಣನ್ನು ತೊಡೆಯ ಮೇಲಿಟ್ಟುಕೊಂಡು ಮಾವ ಹಿಂದಿನ ಸೀಟಿನಲ್ಲಿ ಕೂತಿದ್ದರು. ಊರು ದಾಟಿದ ಮೇಲೆ ಅವರ ಧ್ವನಿ ಕೇಳಿಸಿತು.

"ಯವ್ವಾ, ನನಗ ಎಣಿಕಿ ತಪ್ಪತದಂತ ತಿಳಕೊಂಡಿದ್ದೇನು?"

ನಾನು ಕಿಟಕಿಯತ್ತ ತಿರುಗಿದೆ.

"ಸಾವಿರಕ್ಕ ಐವತ್ತು ಹೆಚ್ಚಿಗಿ ಹೊಡಿತಿದ್ದೆ. ನೀ ತಗಿತಿದ್ದಿ, ನಿನಗ ಕಮ್ಮಿ ಬೀಳಬಾರ್ದಲ್ಲ."

ಸೆರಗನ್ನು ಬಾಯಿಗೊತ್ತಿಕೊಂಡೆ. ಅಳು ತಡೆಯಲಾಗಲಿಲ್ಲ.

"ಆದ್ರ ಒಂದು ಗ್ವಾಡಿ ತುಂಬೋವಷ್ಟು ಆಗ್ಯಾವಂತ ಗೊತ್ತಿರ್ಲಿಲ್ಲ" ಎಂದರು ಮಾವ.

ಮರುದಿನ ಬೆಳಿಗ್ಗೆ ಮಾವ ಮಗನನ್ನು ಕರೆದು ಎಲ್ಲವನ್ನೂ ತಾವೇ ಹೇಳಿಬಿಟ್ಟರು. "ಇನ್ನ ಮ್ಯಾಲ ಕೈ ನನ್ನವು, ಕಣ್ಣು ಇಕೀವು. ಇಕಿ ಮಷಿನ್ ಬಾಜೂಕ ನಿಲ್ತಾಳ. ಮೋಟಾರ್ ಸ್ವಲ್ಪ ಮೆಲ್ಲಗ ಮಾಡು."

"ಗಂಜಿನವ್ರು?"

"ಕೆಟ್ಟಿದ್ದು ಆರಿಸೋ ಟೈಮ್ ಉಳಿತದಲ್ಲ, ಅದ್ರಾಗ ಕೊಡು."

ಗಂಡ ನನ್ನ ಮುಖ ನೋಡಿದರು, ಅಪ್ಪನ ಮುಖ ನೋಡಿದರು, ಮೋಟಾರಿನ ನಟ್ಟು ತಿರುಗಿಸುವ ಪಾನಾ ತರಲು ಒಳಗೆ ಹೋದರು.

ನಾನು ಸೆರಗು ಸಿಕ್ಕಿಸಿಕೊಂಡು ಮಾವನ ಎಡಕ್ಕೆ ನಿಂತೆ. ಕೆಂಪು ಸುರುವಾಯಿತು. ನೂರಾರು ಗಿಳಿಗಳು ನೆಟ್ಟಗೆ ಬಂದವು. ಆಮೇಲೆ ಒಂದು ಹಾಳೆಯಲ್ಲಿ ಕೊಕ್ಕು ಚೂರು ಕೆಳಗೆ ಬಂದಂತೆ ಕಂಡಿತು. ಅಭ್ಯಾಸಬಲದಿಂದ ಬಾಗಿಲ ಮರೆಯತ್ತ ನೋಡಿದೆ. ಇನ್ನೊಂದು ಹಾಳೆ ಬಂತು, ಅದರಲ್ಲಿ ಮೆಣಸಿನಕಾಯಿಯೇ.

"ನಿಲ್ಲಸ್ರೀ, ಮಾವಾರೆ!" ಎಂದೆ. ಆ ಮನೆಯಲ್ಲಿ ನನ್ನ ಧ್ವನಿ ಅಷ್ಟು ಜೋರಾಗಿ ಕೇಳಿದ್ದು ಅದೇ ಮೊದಲು.

ಮಾವ ತಕ್ಷಣ ಮಷಿನ್ ನಿಲ್ಲಿಸಿದರು. ಯಾಕೆಂದು ಕೇಳದೆ ಪಿನ್ನಿನ ಮೇಲೆ ಬೆರಳಿಟ್ಟು, "ಎಷ್ಟು ಸರಸಲಿ, ಹೇಳವ್ವಾ" ಎಂದರು.