ಬೆರಳು ಕಾಣದ ರೆಕಾರ್ಡರ್

2025ರ ಜೂನ್ ತಿಂಗಳು. ಚನ್ನಗಿರಿಯ ಐಟಿಐ ಒಂದರಲ್ಲಿ ನಾನು ಎಲೆಕ್ಟ್ರಾನಿಕ್ಸ್ ವಿಭಾಗದ ಬೋಧಕಿ. ಕೆಲಸಕ್ಕೆ ಸೇರಿ ಮೂವತ್ತೊಂದು ವರ್ಷವಾಗಿತ್ತು, ನಿವೃತ್ತಿಗೆ ಎಂಟು ತಿಂಗಳು ಉಳಿದಿತ್ತು. ನನ್ನ ಕೈಯಲ್ಲಿ ರಿಪೇರಿಯಾದ ಯಂತ್ರ ಮತ್ತೆ ವಾಪಸ್ ಬರುವುದಿಲ್ಲ ಎಂಬ ಜಂಬ ನನಗಿತ್ತು. ಅದನ್ನು ಮುಚ್ಚಿಟ್ಟುಕೊಂಡವಳೂ ನಾನಲ್ಲ. ಆ ಜಂಬ ಇಳಿದದ್ದು ನ್ಯಾಮತಿ ಹತ್ತಿರದ ಒಂದು ಕಿವುಡ ಮಕ್ಕಳ ವಸತಿ ಶಾಲೆಯಲ್ಲಿ, ಹತ್ತನೇ ತರಗತಿಯ ಹನ್ನೊಂದು ಮಕ್ಕಳ ಎದುರಿಗೆ.

ಆ ಶಾಲೆಯ ವಾರ್ಡನ್ ಗಂಗಮ್ಮ ಒಂದು ಶನಿವಾರ ಐಟಿಐಗೆ ಬಂದು, ಟೀವಿಯನ್ನು ಬೇಕಾದಾಗ ನಿಲ್ಲಿಸುವ ಮಿಷನ್ ಇದೆಯೇ ಎಂದು ಕೇಳಿದರು. ಸ್ವಿಚ್ ಆಫ್ ಮಾಡಿದರೆ ನಿಲ್ಲುತ್ತದಲ್ಲ ಎಂದು ನಾನು ನಕ್ಕೆ. ಆಕೆ ನಗಲಿಲ್ಲ.

"ಒಂದಿನ ಬಂದು ಕ್ಲಾಸಿನಾಗೆ ಕೂತು ನೋಡ್ರಿ ಮೇಡಂ. ಆಮ್ಯಾಲೆ ನಗೀರಂತೆ" ಎಂದರು.

ಹೋಗಿ ಕೂತೆ. ಉಚಿತ ಡಿಶ್‌ನಲ್ಲಿ ಬರುವ ವಿಜ್ಞಾನದ ಪಾಠ ನಡೆಯುತ್ತಿತ್ತು. ಪರದೆಯ ಮೂಲೆಯ ಪುಟ್ಟ ಚೌಕದಲ್ಲಿ ಒಬ್ಬರು ಪಾಠವನ್ನು ಸನ್ನೆ ಭಾಷೆಯಲ್ಲಿ ಹೇಳುತ್ತಿದ್ದರು. ಹತ್ತು ನಿಮಿಷದಲ್ಲಿ ಗಂಗಮ್ಮನ ಕಷ್ಟ ಅರ್ಥವಾಯಿತು. ಕಿವಿ ಕೇಳುವ ಮಗು ಕೇಳುತ್ತಲೇ ಬರೆದುಕೊಳ್ಳಬಲ್ಲದು. ಕಣ್ಣಿನಿಂದಲೇ ಕೇಳುವ ಮಗು ನೋಟ್ಸ್ ಬರೆಯಲು ತಲೆ ತಗ್ಗಿಸಿತೆಂದರೆ ಅಷ್ಟು ಪಾಠ ಹೋದಂತೆಯೇ. ಮಕ್ಕಳು ಬರೆಯುತ್ತಾರೆ, ತಲೆ ಎತ್ತುತ್ತಾರೆ, ಅಷ್ಟರಲ್ಲಿ ಮಾತು ಎಲ್ಲಿಗೋ ಹೋಗಿರುತ್ತದೆ. ಸೂರಗೊಂಡನಕೊಪ್ಪದಿಂದ ಬಂದಿದ್ದ ಕವಿತಾ ಎಂಬ ಹುಡುಗಿ ಅರ್ಧ ಗಂಟೆಗೇ ಪೆನ್ನಿನ ಮುಚ್ಚಳ ಹಾಕಿಬಿಟ್ಟಳು. ಹಿಂದಿನ ವರ್ಷ ಅಲ್ಲಿ ಪರೀಕ್ಷೆಗೆ ಕೂತ ಏಳು ಮಕ್ಕಳಲ್ಲಿ ಐವರು ವಿಜ್ಞಾನದಲ್ಲಿ ನಪಾಸಾಗಿದ್ದರು. ಈ ಹನ್ನೊಂದು ಮಂದಿಗೆ ಮಾರ್ಚ್‌ವರೆಗೆ ಸಮಯವಿತ್ತು.

ಆ ತರಗತಿಯ ಶಿಕ್ಷಕಿ ಸುಮಿತ್ರಾ, ಬಿಳಿಚೋಡಿನವರು. ಮೂರನೇ ವಯಸ್ಸಿನಲ್ಲಿ ಜ್ವರ ಬಂದು ಅವರ ಕಿವಿ ಹೋಗಿತ್ತು. ನನ್ನೊಂದಿಗೆ ಅವರ ಮಾತೆಲ್ಲ ಒಂದು ಪುಸ್ತಕದಲ್ಲಿ ಬರೆದು ತೋರಿಸುವುದರ ಮೂಲಕ. ಪಾಠ ನಿಲ್ಲಬೇಕು, ಹಿಂದಕ್ಕೆ ಹೋಗಬೇಕು, ಪರೀಕ್ಷೆಯವರೆಗೆ ಉಳಿಯಬೇಕು ಎಂದು ಮೂರು ಸಾಲು ಬರೆದುಕೊಟ್ಟರು. ಅದು ಡಿಜಿಟಲ್ ವಿಡಿಯೊ ರೆಕಾರ್ಡರಿನ ಕೆಲಸ. ಡಿಶ್‌ನಿಂದ ಬರುವ ಕಾರ್ಯಕ್ರಮವನ್ನು ಅದು ಹಾರ್ಡ್ ಡಿಸ್ಕಿಗೆ ಇಳಿಸಿಕೊಂಡು, ಬೇಕಾದಲ್ಲಿ ನಿಲ್ಲಿಸಿ ತೋರಿಸುತ್ತದೆ.

ಶಾಲೆಯ ಆಡಳಿತ ಮಂಡಳಿಯ ಕಾರ್ಯದರ್ಶಿಗೆ ಪೇಟೆಯಲ್ಲಿ ಸಿಗುವ ರೆಡಿಮೇಡ್ ಪೆಟ್ಟಿಗೆಯೇ ಸಾಕಿತ್ತು. ನಾನು ಒಪ್ಪಲಿಲ್ಲ. ಅವರು ತೋರಿಸಿದ ಪೆಟ್ಟಿಗೆಯಲ್ಲಿ ರೆಕಾರ್ಡ್ ಮಾಡಿದ್ದು ಅದೇ ಪೆಟ್ಟಿಗೆಯಲ್ಲಿ ಮಾತ್ರ ತೆರೆಯುತ್ತದೆ. ಪೆಟ್ಟಿಗೆ ಕೆಟ್ಟರೆ ವರ್ಷದ ಪಾಠವೆಲ್ಲ ಮಣ್ಣುಪಾಲು. ಲಿನಕ್ಸ್ ಎಂಬ ಉಚಿತ ತಂತ್ರಾಂಶ ಹಾಕಿ ನಾನೇ ಕಟ್ಟುತ್ತೇನೆ, ಬೀಗವಿಲ್ಲದ ಯಂತ್ರ ಕೊಡುತ್ತೇನೆ ಎಂದೆ.

ಭಾನುವಾರಗಳಲ್ಲಿ ಕೂತು ಬಿಡಿಭಾಗ ಆರಿಸಿದೆ. ಹೊನ್ನಾಳಿಯ ಕಂಪ್ಯೂಟರ್ ಅಂಗಡಿಯಲ್ಲಿ ಕಚೇರಿಯೊಂದು ಬಳಸಿ ಮಾರಿದ್ದ ಗಟ್ಟಿ ಡೆಸ್ಕ್‌ಟಾಪ್ ಸಿಕ್ಕಿತು. ಡಿಶ್‌ನ ಸಿಗ್ನಲ್ ಹಿಡಿಯುವ ಟ್ಯೂನರ್ ಕಾರ್ಡ್ ಆರಿಸುವಾಗ ಡಬ್ಬದ ಮೇಲಿನ ಹೆಸರನ್ನು ನಂಬದೆ, ಒಳಗಿನ ಚಿಪ್ ಯಾವುದೆಂದು ನೋಡಿ, ಲಿನಕ್ಸ್‌ನಲ್ಲಿ ಅದನ್ನು ನಡೆಸುವ ಡ್ರೈವರ್ ಪ್ರೋಗ್ರಾಂ ಇದೆಯೆಂದು ಖಾತ್ರಿ ಮಾಡಿಕೊಂಡು ತರಿಸಿದೆ. ಒಂದೇ ಕಾರ್ಡಿನಲ್ಲಿ ಎರಡು ಟ್ಯೂನರ್ ಇದ್ದದ್ದರಿಂದ ವಿಜ್ಞಾನ ಬರುವಾಗಲೇ ಇನ್ನೊಂದು ಚಾನೆಲಿನ ಗಣಿತವನ್ನೂ ಹಿಡಿಯಬಹುದಿತ್ತು. ಕರೆಂಟಿನ ಕಣ್ಣಾಮುಚ್ಚಾಲೆಗೆ ಒಂದು ಯುಪಿಎಸ್. ಇಲ್ಲಿಯವರೆಗೆ ಎಲ್ಲ ಸರಿ.

ತಪ್ಪಿದ್ದು ಹಾರ್ಡ್ ಡಿಸ್ಕಿನಲ್ಲಿ. ಮನೆಯಲ್ಲಿ 500 ಜಿಬಿಯದೊಂದು ಸುಮ್ಮನೆ ಬಿದ್ದಿತ್ತು. ಪಾಠವನ್ನು ಬಂದ ಹಾಗೇ ಇಟ್ಟರೆ ಗಂಟೆಗೆ ಸುಮಾರು ಎರಡು ಜಿಬಿ. ದಿನಕ್ಕೆ ಆರು ಗಂಟೆಯಂತೆ ಆರು ವಾರದೊಳಗೆ ಡಿಸ್ಕ್ ತುಂಬಿಹೋಗುತ್ತದೆ. ಅದಕ್ಕೆ ನಾನು ಜಾಣತನ ಮಾಡಿದೆ. ಪ್ರತಿ ಪಾಠವನ್ನೂ ಕಾಲು ಭಾಗಕ್ಕೆ ಕುಗ್ಗಿಸಿ ಉಳಿಸುವಂತೆ ಪ್ರೋಗ್ರಾಂ ಹೊಂದಿಸಿದೆ. ಇದಕ್ಕೆ ಕಂಪ್ರೆಶನ್ ಎನ್ನುತ್ತಾರೆ. ಮನೆಯಲ್ಲಿ ಓಡಿಸಿ ನೋಡಿದರೆ ಧ್ವನಿ ಗಂಟೆ ಹೊಡೆದಂತೆ, ಕಪ್ಪುಹಲಗೆಯ ಅಕ್ಷರ ಸ್ಪಷ್ಟ. ಪಾಸು ಎಂದು ನಾನೇ ತೀರ್ಪು ಕೊಟ್ಟುಕೊಂಡೆ.

ಶಾಲೆಯಲ್ಲಿ ಚಾಲೂ ಮಾಡಿದ ಐದೇ ನಿಮಿಷಕ್ಕೆ ಮಕ್ಕಳು ಒಬ್ಬರ ಮುಖ ಒಬ್ಬರು ನೋಡತೊಡಗಿದರು. ಸುಮಿತ್ರಾ ಎದ್ದು ಹೋಗಿ ಬೋರ್ಡಿನ ಮೇಲೆ ಬರೆದರು: "ಕೈ ಇದೆ. ಬೆರಳು ಇಲ್ಲ."

ಚಿತ್ರ ನಿಲ್ಲಿಸಿ ಮೂಲೆಯ ಚೌಕದ ಹತ್ತಿರ ಹೋದೆ. ನಿಜ. ಸನ್ನೆ ಮಾಡುವವರ ಮಣಿಕಟ್ಟಿನಾಚೆ ಬರೀ ಮಂಜು. ವೇಗವಾಗಿ ಅಲುಗಾಡುವ ಸಣ್ಣ ವಸ್ತುವಿನ ವಿವರವನ್ನೇ ಕಂಪ್ರೆಶನ್ ಮೊದಲು ಬಿಸಾಡುತ್ತದೆ. ಇದನ್ನು ನಾನು ವರ್ಷಗಟ್ಟಲೆ ಪಾಠ ಮಾಡಿದ್ದೇನೆ. ಆದರೂ ಕಿವುಡ ಮಕ್ಕಳ ಯಂತ್ರವನ್ನು ನನ್ನ ಕಿವಿಯಿಂದ ಪರೀಕ್ಷಿಸಿದ್ದೆ. ಆ ಚೌಕದ ಕಡೆ ಒಮ್ಮೆಯೂ ಕಣ್ಣು ಹಾಯಿಸಿರಲಿಲ್ಲ. ನಾಚಿಕೆಯಾಯಿತು.

ಕಾರ್ಯದರ್ಶಿಗೆ ಮಾತ್ರ ಯಾವ ದೋಷವೂ ಕಾಣಲಿಲ್ಲ. ಶುಕ್ರವಾರಕ್ಕೆ ಉದ್ಘಾಟನೆ ನಿಗದಿಯಾಗಿತ್ತು. ಯಂತ್ರ ತೃಪ್ತಿಕರವಾಗಿದೆ ಎಂಬ ಪ್ರಮಾಣಪತ್ರ ಮುಂದಿಟ್ಟು, ಸಹಿಗಾಗಿ ಪೆನ್ನನ್ನೂ ಬಿಚ್ಚಿಕೊಟ್ಟರು.

"ಆ ಹುಡುಗ್ರಿಗೆ ಇಷ್ಟು ಸಾಕು ಬಿಡ್ರೀ. ಚಿತ್ರ ಕಾಣ್ತೈತಲ್ಲ" ಎಂದರು.

ನನ್ನ ತಪ್ಪಿಗೆ ಆಗಿದ್ದ ನಾಚಿಕೆಯೆಲ್ಲ ಆ ಒಂದು ಮಾತಿಗೆ ಸಿಟ್ಟಾಗಿ ತಿರುಗಿತು. ಪೆನ್ನಿನ ಮುಚ್ಚಳ ಹಾಕಿ ವಾಪಸ್ ಕೊಟ್ಟೆ. ಹಂಗಾದರೆ ಸರ್ಕಾರಿ ಸಮಯದಲ್ಲಿ ಖಾಸಗಿ ಕೆಲಸ ಮಾಡುತ್ತೀರೆಂದು ನಿಮ್ಮ ಪ್ರಾಂಶುಪಾಲರಿಗೆ ಬರೆಯಬೇಕಾಗುತ್ತದೆ ಎಂದರು ಕಾರ್ಯದರ್ಶಿ. ಧಾರಾಳವಾಗಿ ಬರೆಯಿರಿ ಎಂದು ನನ್ನ ಹೆಸರು, ಹುದ್ದೆಯನ್ನು ಅಲ್ಲೇ ನಿಧಾನವಾಗಿ ಹೇಳಿ ಬರೆಸಿದೆ. ಅವರು ನಿಜಕ್ಕೂ ಬರೆದರು. ಪ್ರಾಂಶುಪಾಲರು ವಿವರಣೆ ಕೇಳಿದಾಗ, ಮಾಡಿದ್ದೆಲ್ಲ ಭಾನುವಾರ, ಉಳಿದದ್ದನ್ನೂ ಭಾನುವಾರವೇ ಮಾಡುತ್ತೇನೆ ಎಂದು ಒಂದು ಸಾಲಿನ ಉತ್ತರ ಕೊಟ್ಟೆ. ಅಲ್ಲಿಗೆ ಆ ಕಡತ ಮುಚ್ಚಿತು.

ಶುಕ್ರವಾರದ ಉದ್ಘಾಟನೆ ಮುಂದಕ್ಕೆ ಹೋಯಿತು. ಈ ಸಲ ಬೇಕಾದ ಸಾಮಾನಿನ ಪಟ್ಟಿಯನ್ನು ಸುಮಿತ್ರಾ ಅವರ ಪಕ್ಕದಲ್ಲೇ ಕೂತು ಬರೆದೆ. ಕಂಪ್ರೆಶನ್ ಪೂರ್ತಿ ಕಿತ್ತು ಹಾಕಿದೆ. ಪಾಠ ಬಂದ ಹಾಗೇ ಉಳಿಯಬೇಕು. ಹಗಲಿರುಳು ನಿಲ್ಲದೆ ಬರೆಯುವ ಸಿಸಿಟಿವಿ ಕ್ಯಾಮೆರಾ ರೆಕಾರ್ಡರುಗಳಿಗಾಗಿಯೇ ಮಾಡಿದ 4 ಟಿಬಿಯ ಡಿಸ್ಕ್ ಹಾಕಿದೆ. ಶಾಲೆಯ ಇಡೀ ವರ್ಷ ಅದರಲ್ಲಿ ಹಿಡಿಸುತ್ತದೆ. ಪಟ್ಟಿಯಲ್ಲಿ ನಾನು ಬರೆದಿದ್ದ ಸ್ಪೀಕರ್ ಎಂಬ ಪದದ ಮೇಲೆ ಸುಮಿತ್ರಾ ಗೆರೆ ಎಳೆದು, ಅಲ್ಲಿ "ದೊಡ್ಡ ಪರದೆ" ಎಂದು ಬರೆದರು. ನಾನು ಅದನ್ನೇ ತರಿಸಿದೆ.

ಪರೀಕ್ಷೆಯ ಕ್ರಮವನ್ನೂ ಅವರೇ ಗೊತ್ತು ಮಾಡಿದರು. ವಿದ್ಯುತ್ತಿನ ಬಗೆಗಿನ ಹತ್ತು ನಿಮಿಷದ ಪಾಠ, ಮೊದಲು ಹಳೆಯ ರೆಕಾರ್ಡಿಂಗು, ಆಮೇಲೆ ಹೊಸದು, ಧ್ವನಿ ಸೊನ್ನೆ. ಮಕ್ಕಳು ಅರ್ಥವಾದದ್ದನ್ನು ಬರೆಯಬೇಕು. ನನಗೂ ಒಂದು ಹಾಳೆ ಕೊಟ್ಟು ಹಿಂದಿನ ಬೆಂಚಿನಲ್ಲಿ ಕೂರಿಸಿದರು. ಹಳೆಯ, ಕುಗ್ಗಿಸಿದ ರೆಕಾರ್ಡಿಂಗಿನಲ್ಲಿ ಒಬ್ಬರೂ ಮೂರನೇ ಸಾಲು ದಾಟಲಿಲ್ಲ. ಹೊಸದರಲ್ಲಿ ಒಂಬತ್ತು ಮಕ್ಕಳು ಪೂರ್ತಿ ಬರೆದರು. ಇನ್ನಿಬ್ಬರು ಎರಡು ಸಲ ಹಿಂದಕ್ಕೆ ಹಾಕಿಸಿ ನೋಡಿ ಮುಗಿಸಿದರು. ವಿದ್ಯುತ್ತನ್ನೇ ಕಲಿಸಿ ಅನ್ನ ತಿಂದರೂ ಸನ್ನೆ ಓದಲು ಬಾರದ ನನ್ನ ಹಾಳೆ ಎರಡು ಸಲವೂ ಖಾಲಿ. ಸುಮಿತ್ರಾ ಕೆಂಪು ಶಾಯಿಯಲ್ಲಿ ದೊಡ್ಡದೊಂದು ಸೊನ್ನೆ ಸುತ್ತಿ ಕೊಟ್ಟಾಗ ಮಕ್ಕಳು ಬೆಂಚು ತಟ್ಟಿ ನಕ್ಕರು.

ಉದ್ಘಾಟನೆಯ ದಿನ ಅತಿಥಿಗಳು ಮುಂದಿನ ಸಾಲಿನಲ್ಲಿ ಕೂತಿದ್ದರು. ಪಾಠ ಶುರುವಾಯಿತು, ಸದ್ದಿಲ್ಲ. ಕಾರ್ಯದರ್ಶಿ ನನ್ನ ಕಡೆ ಬಾಗಿ, ಸೌಂಡ್ ಎಲ್ಲಿ, ಇದು ಏನು ಹೇಳುತ್ತಿದೆ ಎಂದು ಕೇಳಿದರು. ನನಗೂ ಗೊತ್ತಾಗುತ್ತಿಲ್ಲ, ಮಕ್ಕಳನ್ನು ಕೇಳಿ ಎಂದೆ. ಪಾಠ ನಡೆಯುತ್ತಿದ್ದಂತೆಯೇ ಪ್ರಮಾಣಪತ್ರ ಮತ್ತೆ ನನ್ನ ಕೈಗೆ ಬಂತು. ಸಹಿಯ ಜಾಗದಲ್ಲಿದ್ದ ನನ್ನ ಹೆಸರು ಹೊಡೆದುಹಾಕಿ, ಸುಮಿತ್ರಾ ಅವರ ಹೆಸರು ಬರೆದು ಅವರ ಮುಂದಿಟ್ಟೆ.

"ಕಿವಿ ಕೇಳದವ್ರು ಟೀವಿ ಸರಿ ಐತೆ ಅಂತ ಹೆಂಗ್ರೀ ಸಹಿ ಹಾಕ್ತಾರೆ?" ಎಂದರು ಕಾರ್ಯದರ್ಶಿ.

"ಈ ಟೀವಿ ತಿಳಿಯೋದು ಅವ್ರಿಗೇ ರೀ. ನಿಮಗೂ ತಿಳೀಲಿಲ್ಲ, ನನಗೂ ತಿಳೀಲಿಲ್ಲ. ನಾವು ಹೆಂಗೆ ಹಾಕಾಕೆ ಬರುತ್ತೆ?" ಎಂದೆ.

ಸುಮಿತ್ರಾಗೆ ನಮ್ಮ ಜಗಳದ ಗೊಡವೆಯೇ ಇರಲಿಲ್ಲ. ಆಗಲೇ ಸಹಿ ಹಾಕುತ್ತಿದ್ದರು. ಅಷ್ಟರಲ್ಲಿ ಕವಿತಾ ಎದ್ದು ಅಂಗೈ ಮುಂದೆ ಚಾಚಿದಳು. ಗಂಗಮ್ಮ ರಿಮೋಟ್ ಒತ್ತಿ ಪಾಠ ನಿಲ್ಲಿಸಿದರು. ಹನ್ನೊಂದು ತಲೆಗಳು ನೋಟ್‌ಬುಕ್ಕಿನ ಮೇಲೆ ಬಾಗಿದವು. ಅತಿಥಿಗಳು, ಕಾರ್ಯದರ್ಶಿ, ನಾನು, ಎಲ್ಲರೂ ಸುಮ್ಮನೆ ಕೂತು ಅವರು ಬರೆದು ಮುಗಿಸುವುದನ್ನೇ ಕಾದೆವು. ಯಂತ್ರ ಪಾಸೋ ಫೇಲೋ ಎನ್ನುವ ಅಧಿಕಾರ ಕಟ್ಟಿದವರದ್ದಲ್ಲ ಎಂದು ಕಲಿಯಲು ನನಗೆ ಮೂವತ್ತೊಂದು ವರ್ಷ ಬೇಕಾಯಿತು. ಕವಿತಾ ಬರೆದು ಮುಗಿಸಿ, ತಲೆ ಎತ್ತಿ, ಇನ್ನು ಮುಂದೆ ಹೋಗಲಿ ಎಂದು ಕೈ ಬೀಸಿದಳು.