ಉಂಡು ಬನ್ನಿ, ಕನ್ನಡಕ ತನ್ನಿ

ಮೆದುಳಿನ ಶಸ್ತ್ರಚಿಕಿತ್ಸೆ ಎಂದೊಡನೆ ಜನ ಶಸ್ತ್ರ ಹಿಡಿದ ಕೈಯನ್ನು ನೆನೆಯುತ್ತಾರೆಯೇ ಹೊರತು, ಅದಕ್ಕೂ ಮುಂಚೆ ರೋಗಿಯ ಎದುರು ಗಂಟೆಗಟ್ಟಲೆ ಕುಳಿತು ಅವನ ನೆನಪು, ಗಮನ, ವಿವೇಚನೆಗಳನ್ನು ತೂಗಿ ನೋಡುವವರನ್ನು ನೆನೆಯುವುದಿಲ್ಲ. ಅಂಥ ಮರೆಯ ವಿದ್ಯೆಯೊಂದನ್ನು ಹಲಸೂರು ಕೆರೆಯ ಸಮೀಪದ ನಮ್ಮ ಆಸ್ಪತ್ರೆಯಲ್ಲಿ ಹದಿನೆಂಟು ವರ್ಷ ಶ್ರದ್ಧೆಯಿಂದ ನಡೆಸಿ, ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ ಶ್ರೀಮತಿ ಗುರುದೇವಿಯವರು ಈ ಸಂಪುಟದ ಗೌರವಕ್ಕೆ ಎಲ್ಲ ರೀತಿಯಿಂದಲೂ ಅರ್ಹರು. ಇಂಥ ಸಂಪುಟಗಳಲ್ಲಿ ಸನ್ಮಾನಿತರ ಸಾಧನೆಗಳನ್ನು ಕೊಂಡಾಡುವುದು ವಾಡಿಕೆ. ಗುರುದೇವಿಯವರು ಮಾತ್ರ, ಬರೆಯುವುದಾದರೆ ತಮ್ಮ ತಪ್ಪೊಂದನ್ನು ಬರೆಯಬೇಕೆಂದು ಪಟ್ಟು ಹಿಡಿದಿದ್ದಾರೆ. ಅವರ ಮಾತನ್ನು ಮೀರುವ ಧೈರ್ಯ ನಮ್ಮ ವಿಭಾಗದಲ್ಲಿ ಯಾರಿಗೂ ಇಲ್ಲ.

೧೯೯೧ರಲ್ಲಿ ಗದುಗಿನಿಂದ ಬಂದು ಸೇರಿದಾಗ ಅವರಿಗೆ ಸಿಕ್ಕಿದ್ದು ಮೆಟ್ಟಿಲ ಕೆಳಗಿನ ಒಂದು ಕೋಣೆ, ಎರಡು ಕುರ್ಚಿ, ಮತ್ತು ಇಂಗ್ಲಿಷಿನಲ್ಲಿದ್ದ ಪ್ರಶ್ನೆಪತ್ರಿಕೆಗಳ ಒಂದು ಕಟ್ಟು. ಅವನ್ನು ಕನ್ನಡಕ್ಕೆ ತಂದರು. ಶಿವಾಜಿನಗರದಿಂದ ಬರುವವರಿಗಾಗಿ ದಖನಿ ಕಲಿತರು. ಹಲಸೂರಿನ ಅಜ್ಜಿಯರ ಹತ್ತಿರ ಬೈಸಿಕೊಂಡು ತಮಿಳನ್ನೂ ಕಲಿತರು. ಓದುಬರಹ ಬಾರದ ದರ್ಜಿ ಅಹ್ಮದ್ ಪಾಷಾ ಅಕ್ಷರದ ಹಾಳೆ ಕಂಡು ತಲೆ ತಗ್ಗಿಸಿದಾಗ, ಅದನ್ನು ಸದ್ದಿಲ್ಲದೆ ಬದಿಗೆ ಸರಿಸಿ ಗುಂಡಿಗಳ ಡಬ್ಬಿ ಮುಂದಿಟ್ಟು ಪರೀಕ್ಷೆ ನಡೆಸಿದ್ದನ್ನು ಹಳಬರು ಇಂದಿಗೂ ನೆನೆಯುತ್ತಾರೆ. ಇತರರ ನೆನಪಿನ ಶಕ್ತಿಯನ್ನು ಇಷ್ಟು ನಿಖರವಾಗಿ ಅಳೆಯುವ ಈ ತಾಯಿ, ತಲೆಯ ಮೇಲೆ ಏರಿಸಿಕೊಂಡ ಕನ್ನಡಕವನ್ನು ದಿನಕ್ಕೆ ನಾಲ್ಕು ಸಲ ಮೇಜಿನ ಮೇಲೆ ಹುಡುಕುತ್ತಾರೆ ಎಂಬುದನ್ನೂ ಇಲ್ಲಿ ದಾಖಲಿಸಬೇಕು.

ಪಾರ್ಕಿನ್ಸನ್ ರೋಗಿಗಳ ಮೆದುಳಿಗೆ ಸಣ್ಣ ತಂತಿ ಇಳಿಸಿ ನಡುಕ ತಗ್ಗಿಸುವ ಶಸ್ತ್ರಚಿಕಿತ್ಸೆ ನಮ್ಮಲ್ಲಿ ಆರಂಭವಾದಾಗ ಗುರುದೇವಿಯವರ ಹೊಣೆ ಇಮ್ಮಡಿಯಾಯಿತು. ನೆನಪು, ವಿವೇಚನೆಗಳು ಆಗಲೇ ಕುಂದಿದ್ದರೆ ಈ ಚಿಕಿತ್ಸೆಯಿಂದ ಅವು ಇನ್ನಷ್ಟು ಕುಸಿಯುವ ಭಯವಿರುತ್ತದೆ. ಹಾಗಾಗಿ ಅವರ ಪರೀಕ್ಷೆಯಲ್ಲಿ ಗೆಲ್ಲದವರಿಗೆ ಶಸ್ತ್ರಚಿಕಿತ್ಸೆ ಇಲ್ಲ.

೨೦೦೫ರಲ್ಲಿ ಹುಸೇನಪ್ಪನವರು ಬಂದರು. ರಾಯಚೂರಿನ ಕಡೆಯವರು; ವಿಮಾನಪುರದ ಕಾರ್ಖಾನೆಯಲ್ಲಿ ಫಿಟ್ಟರ್; ಕೃಷ್ಣರಾಜಪುರದ ಒಂದು ವಠಾರದಲ್ಲಿ ವಾಸ. ಕೂದಲೆಳೆಯಷ್ಟು ಅಂತರವನ್ನೂ ಬೆರಳಿನಿಂದಲೇ ಗುರುತಿಸುತ್ತಿದ್ದ ಆ ಕೈಗಳು ಈಗ ರೊಟ್ಟಿಯ ಚೂರನ್ನು ಬಾಯಿಗೆ ಮುಟ್ಟಿಸಲಾರದಾಗಿದ್ದವು. ಹೆಂಡತಿ ಜಟ್ಟೆಮ್ಮನವರೇ ಉಣಿಸಬೇಕು. "ಬ್ಯಾರೆ ಏನೂ ಬ್ಯಾಡ್ರಿ. ನನ್ನ ಕೈಲೆ ನಾ ಉಂಡ್ರ ಸಾಕ್ರಿ," ಎಂದಿದ್ದರು ಹುಸೇನಪ್ಪನವರು, ಮೊದಲ ಭೇಟಿಯಲ್ಲಿ.

ಪರೀಕ್ಷೆಯ ದಿನಾಂಕದ ಚೀಟಿಯಲ್ಲಿ ಗುರುದೇವಿಯವರು ಎಲ್ಲರಿಗೂ ಬರೆಯುವಂತೆ ಇವರಿಗೂ ಒಂದು ಸಾಲು ಬರೆದರು: "ಪರೀಕ್ಷೆಗೆ ಸಿದ್ಧರಾಗಿ ಬನ್ನಿ."

ಆ ದಿನ ಹುಸೇನಪ್ಪನವರು ಬಂದು ಕುಳಿತ ಬಗೆಯೇ ಬೇರೆಯಾಗಿತ್ತು. ಒಂದು ನಿಮಿಷದಲ್ಲಿ ತೋಚಿದಷ್ಟು ಪ್ರಾಣಿಗಳ ಹೆಸರು ಹೇಳಿ ಎಂದರೆ, ದನ, ನಾಯಿ, ಬೆಕ್ಕು ಎಂದು ನಿಂತು, ಬಹಳ ಹೊತ್ತಿನ ಮೇಲೆ ಮತ್ತೆ ದನ ಎಂದರು. ಚಿತ್ರಗಳನ್ನು ಕಣ್ಣು ಕಿರಿದು ಮಾಡಿ ನೋಡಿದರು. ಕೇಳಿಸಿದ ಪದಗಳಲ್ಲಿ ಎರಡನ್ನಷ್ಟೇ ತಿರುಗಿ ಒಪ್ಪಿಸಿದರು. ಔಷಧ ಸರಿಯಾಗಿ ತೆಗೆದುಕೊಳ್ಳುತ್ತಿದ್ದೀರಾ ಎಂದು ಕೇಳಿದ್ದಕ್ಕೆ "ಹೂಂ" ಎಂದರು. ಇವತ್ತು ತೆಗೆದುಕೊಂಡಿರಾ ಎಂದು ಗುರುದೇವಿಯವರು ಕೇಳಲಿಲ್ಲ. ಕೇಳಲಿಲ್ಲವಲ್ಲ ಎಂಬ ಕೊರಗು ಅವರನ್ನು ಇಂದಿಗೂ ಬಿಟ್ಟಿಲ್ಲ. ಭಾರವಾದ ಮನಸ್ಸಿನಿಂದಲೇ "ಶಸ್ತ್ರಚಿಕಿತ್ಸೆಗೆ ಸೂಕ್ತರಲ್ಲ" ಎಂದು ಬರೆದು, ಸಹಿ ಹಾಕಿ, ವರದಿಯನ್ನು ಮೇಲಿನ ಮಹಡಿಗೆ ಕಳಿಸಿಬಿಟ್ಟರು.

ಮಧ್ಯಾಹ್ನ ಚಹಾಕ್ಕೆಂದು ಕ್ಯಾಂಟೀನಿಗೆ ಇಳಿದರೆ, ಜಟ್ಟೆಮ್ಮನವರು ಗಂಡನಿಗೆ ಇಡ್ಲಿ ತಿನ್ನಿಸಿ, ಸೆರಗಿನ ಗಂಟಿನಿಂದ ಮಾತ್ರೆ ಬಿಚ್ಚುತ್ತಿದ್ದರು. ಗುರುದೇವಿಯವರು ನೇರ ಅವರ ಮೇಜಿನ ಬಳಿಗೆ ಹೋದರು.

"ಬೆಳಿಗ್ಗೆ ಏನೂ ತಿಂದಿರಲಿಲ್ವಾ?"

"ಟೆಸ್ಟ್ ಅಂದ್ರ ಖಾಲಿ ಹೊಟ್ಟೀಲೆ ಬರ್ಬೇಕಲ್ರೀ ಮೇಡಂ! ರಕ್ತ ಟೆಸ್ಟಿಗೆ ಉಂಡು ಬಂದೀವಂತ ಹೋದ್ಸಲ ಬೈದು ಕಳಿಸಿದ್ರು. ನಮ್ಮ ಬಾಜೂ ಮನಿ ಸುರಯ್ಯಾನೂ ಅದನ್ನ ಹೇಳಿದ್ಲು."

"ಮಾತ್ರೆ?"

"ನಿನ್ನೆ ಸಂಜೀಯಿಂದ ಕೊಟ್ಟಿಲ್ರಿ." ಜಟ್ಟೆಮ್ಮನವರ ದನಿಯಲ್ಲಿ ಹೆಮ್ಮೆಯಿತ್ತು. "ಗುಳಿಗಿ ನುಂಗಿಸಿ ಪಾಸ್ ಮಾಡ್ಸೂದಂದ್ರ ಕಾಪಿ ಹೊಡಸಿದಂಗಲ್ಲೇನ್ರಿ?"

ಆಪರೇಷನ್ನಿಗೆ ಮೈಮೇಲೆ ಏನೂ ಇರಬಾರದೆಂದು ಯಾರೋ ಹೇಳಿದ್ದರಂತೆ; ಕನ್ನಡಕವೂ ಚೀಲ ಸೇರಿತ್ತು. ಅಷ್ಟರಲ್ಲಿ ಹುಸೇನಪ್ಪನವರು ಬಾಯಿಬಿಟ್ಟರು: "ಇಕಿ ಹೆಡ್‌ಮಾಸ್ತರ ಆಗ್ಯಾಳ್ರೀ. ಪರೀಕ್ಷಾ ಅಂತ ನಾಕಕ್ಕ ಎಬ್ಬಿಸಿ ಹತ್ತೊಂಬತ್ತರ ಮಗ್ಗೀತನಾ ಹೇಳ್ಸ್ಯಾಳ. ನೀವು ಒಂದೂ ಮಗ್ಗಿ ಕೇಳಲೇ ಇಲ್ಲಲ್ರೀ!"

ಸಿದ್ಧರಾಗಿ ಎಂಬ ಒಂದೇ ಪದವನ್ನು ಆ ದಂಪತಿಗಳು ಅಕ್ಷರಶಃ ಪಾಲಿಸಿದ್ದರು. ಗುರುದೇವಿಯವರ ಬಾಯಿಂದ, ಹದಿನಾಲ್ಕು ವರ್ಷ ಆಸ್ಪತ್ರೆಯಲ್ಲಿ ಯಾರೂ ಕೇಳಿರದಿದ್ದ ಗದುಗಿನ ಮಾತು ಹೊರಬಿತ್ತು: "ಅಯ್ಯ ನಮ್ಮವ್ವಾ, ತಪ್ಪು ನಿಂದಲ್ಲ, ನಂದೈತಿ!"

ಚಹಾ ಅಲ್ಲಿಯೇ ಉಳಿಯಿತು. ಮೂರು ಮಹಡಿ ಹತ್ತಿ ಶಸ್ತ್ರಚಿಕಿತ್ಸಾ ವಿಭಾಗದ ಮುಖ್ಯಸ್ಥರಾದ ಡಾ. ಚಂದ್ರಶೇಖರಯ್ಯನವರ ಮುಂದೆ ನಿಂತರು. ಅವರೋ ಮಾತು ಕಡಿಮೆ, ಮುಂಗೋಪ ಹೆಚ್ಚು.

"ಸೈನ್ ಆಗಿರೋ ರಿಪೋರ್ಟು, ಗುರುದೇವಿ. ಪೇಷೆಂಟ್ ತಿಂಡಿ ತಿಂದಿಲ್ಲ ಅಂತ ವಾಪಸ್ ತಗೋತೀರಾ?"

"ಹೌದು ಸಾರ್. ತಿಂಡಿ ಇಲ್ಲ, ನಿದ್ದೆ ಇಲ್ಲ, ಮಾತ್ರೆ ಇಲ್ಲ, ಕನ್ನಡಕ ಇಲ್ಲ. ಅವರ ಹಸಿವನ್ನ ಅಳೆದು ನಾನು ಬುದ್ಧಿ ಅಂತ ಬರ್ದಿದೀನಿ. ತಪ್ಪು ನನ್ನದೇ ಅಂತ ಅದರ ಮೇಲೇ ಬರೆದು ಸೈನ್ ಮಾಡ್ತೀನಿ."

ಆ ಕೋಣೆಯಲ್ಲಿ ತಪ್ಪು ನನ್ನದು ಎಂಬ ಮಾತು ಅಪರೂಪದ್ದು. ವೈದ್ಯರು ಕನ್ನಡಕದ ಮೇಲಿನಿಂದ ಒಂದು ಸಲ ನೋಡಿ, ವರದಿಯನ್ನು ಅವರ ಕಡೆಗೆ ತಳ್ಳಿದರು.

ಅದೇ ಪದಗಳನ್ನು ಮತ್ತೆ ಕೇಳುವಂತಿರಲಿಲ್ಲ, ಅಭ್ಯಾಸವಾಗಿಬಿಡುತ್ತದೆ. ಗುರುದೇವಿಯವರು ಇನ್ನೊಂದು ಪಟ್ಟಿಯನ್ನು ಹೊಂದಿಸಿಕೊಂಡು ಆರು ವಾರಗಳ ನಂತರ ಕರೆಸಿದರು. ಅಂದು ಹುಸೇನಪ್ಪನವರು ಚೆನ್ನಾಗಿ ನಿದ್ದೆ ಮಾಡಿ, ಹೊಟ್ಟೆ ತುಂಬ ಉಂಡು, ಮಾತ್ರೆ ನುಂಗಿ, ಕನ್ನಡಕ ಏರಿಸಿಕೊಂಡು ಬಂದಿದ್ದರು. ಹೋರಿ, ಹೋತ, ಟಗರು, ಮುಂಗುಲಿ ಎಂದು ನಿಮಿಷ ಮುಗಿಯುವಷ್ಟರಲ್ಲಿ ಹತ್ತೊಂಬತ್ತು ಪ್ರಾಣಿ ಹಿಡಿದು ತಂದರು. 'ಪ' ಅಕ್ಷರದ ಪದಗಳನ್ನು ಕೇಳಿದರೆ ಪಾನಾ, ಪಕ್ಕಡ್, ಪಟ್ಟಿ ಎಂದು ಫಿಟ್ಟರನ ಪೆಟ್ಟಿಗೆಯನ್ನೇ ಸುರಿದರು. ಪರೀಕ್ಷೆ ಮುಗಿದ ಮೇಲೆ ಗುರುದೇವಿಯವರೇ, "ಹತ್ತೊಂಬತ್ತರ ಮಗ್ಗಿ ಹೇಳ್ರಿ ನೋಡೋಣು," ಎಂದರು. ಅದಕ್ಕೆ ಅಂಕವಿರಲಿಲ್ಲ. ಬಾಗಿಲ ಸಂದಿಯಲ್ಲಿ ನಿಂತಿದ್ದ ಜಟ್ಟೆಮ್ಮನವರ ಸಂತೋಷಕ್ಕಾಗಿ ಕೇಳಿದ್ದು.

ಶಸ್ತ್ರಚಿಕಿತ್ಸೆ ನಡೆಯಿತು. ರೋಗ ಹೋಗಲಿಲ್ಲ, ಅದು ಹೋಗುವಂಥದ್ದಲ್ಲ. ನಡುಕ ಮಾತ್ರ ಬಹಳ ಮಟ್ಟಿಗೆ ಇಳಿಯಿತು. ಅಂದಿನಿಂದ ನಮ್ಮ ಚೀಟಿಯ ಸಾಲು ಬದಲಾಯಿತು: "ಉಂಡು ಬನ್ನಿ, ಕನ್ನಡಕ ತನ್ನಿ, ಮಾತ್ರೆ ಎಂದಿನಂತೆ ನುಂಗಿ ಬನ್ನಿ, ಓದಬೇಡಿ." ಪಕ್ಕದಲ್ಲಿ ತಮಿಳಿನವರಿಗಾಗಿ "ಸಾಪ್ಟುಟ್ಟು ವಾಂಗ" ಎಂಬುದೂ ಸೇರಿತು; ದಖನಿಯಲ್ಲಿ "ನಾಷ್ಟಾ ಕರ್ಕೇಚ್ ಆವೋ" ಎಂಬುದನ್ನು ಸ್ವತಃ ಪಕ್ಕದ ಮನೆಯ ಆ ಸುರಯ್ಯಾ ಹೇಳಿ ಬರೆಸಿದರು.

ನಿವೃತ್ತಿಯ ಸುದ್ದಿ ತಿಳಿದು ಕಳೆದ ವಾರ ಆ ದಂಪತಿಗಳು ಬುತ್ತಿ ಕಟ್ಟಿಕೊಂಡು ಬಂದಿದ್ದರು. ಗಂಟೆ ಮೂರಾಗಿತ್ತು. ಗುರುದೇವಿಯವರು ಕಡತಗಳ ನಡುವೆ ಮುಳುಗಿದ್ದರು.

"ಮೇಡಂ, ಉಂಡೀರಿ?" ಎಂದರು ಜಟ್ಟೆಮ್ಮ.

ಗುರುದೇವಿಯವರು ತಪ್ಪು ಮಾಡಿದ ವಿದ್ಯಾರ್ಥಿನಿಯ ಹಾಗೆ ಇಲ್ಲವೆಂದು ತಲೆಯಾಡಿಸಿದರು. ಹುಸೇನಪ್ಪನವರು ಬುತ್ತಿ ಬಿಚ್ಚಿ, ಜೋಳದ ರೊಟ್ಟಿ ಮುರಿದು, ಬದನೆಕಾಯಿ ಪಲ್ಯ ಹಚ್ಚಿ ಅವರ ಕೈಗಿತ್ತರು. ಒಂದು ಚೂರೂ ಕೆಳಗೆ ಬೀಳಲಿಲ್ಲ. ಗುರುದೇವಿಯವರು ರೊಟ್ಟಿ ತಿನ್ನುತ್ತಲೇ ಅತ್ತರು. ನೋಡುತ್ತಿದ್ದ ನಮ್ಮೆಲ್ಲರ ಕಣ್ಣುಗಳೂ ಒದ್ದೆಯಾದವು.

ನಿವೃತ್ತಿಯ ನಂತರವೂ ಪ್ರತಿ ಮಂಗಳವಾರ ಬಂದು ಹೊಸಬರಿಗೆ ಕಲಿಸಲು ಅವರು ಒಪ್ಪಿದ್ದಾರೆ. ಅವರಿಗೆ ದೀರ್ಘಾಯುಸ್ಸು, ಆರೋಗ್ಯಗಳು ದೊರೆಯಲಿ, ಅವರ ತಕ್ಕಡಿ ಇನ್ನೂ ಬಹುಕಾಲ ತೂಗುತ್ತಿರಲಿ ಎಂದು ವಿಭಾಗದ ನಾವೆಲ್ಲರೂ ಹಾರೈಸುತ್ತೇವೆ. ಮಂಗಳವಾರ ಉಂಡು ಬನ್ನಿ, ಮೇಡಂ. ಕನ್ನಡಕ ಹುಡುಕಬೇಡಿ, ನಿಮ್ಮ ತಲೆಯ ಮೇಲೆಯೇ ಇದೆ.